ಕರಟದೊಳಗಿನ ನೀರು: ಮರಳಿ ಬಂದ ಜ್ವರವೊಂದರ ಚರಿತ್ರೆ

1986ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ನಿರ್ದೇಶಕಿಯಾಗಿದ್ದ ಖೊರ್ಶೆದ್ ಪಾವ್ರಿ ಅವರು ಬ್ರಿಟನ್ನಿನ ಉಷ್ಣವಲಯ ವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಒಂದು ಬರಹ ಪ್ರಕಟಿಸಿದರು. ಭಾರತ ಮತ್ತು ಆಗ್ನೇಯ ಏಷ್ಯಾದಿಂದ ಚಿಕೂನ್‌ಗುನ್ಯಾ ವೈರಾಣು ಕಣ್ಮರೆಯಾಗಿರುವುದೇ ಅದರ ವಿಷಯ. 1973ರ ನಂತರ ನಮ್ಮ ದೇಶದಲ್ಲಿ ಆ ಜ್ವರದ ದೊಡ್ಡ ಹಾವಳಿ ಕಂಡಿರಲಿಲ್ಲ. ಹಾಗಾಗಿ ಅವರು ಬರೆದದ್ದು ಅಂದಿನ ಮಟ್ಟಿಗೆ ಸರಿಯಾಗಿಯೇ ಇತ್ತು.

ಸರಿಯಾಗಿ ಇಪ್ಪತ್ತು ವರ್ಷಕ್ಕೆ, 2006ರ ಅಕ್ಟೋಬರ್ ಹೊತ್ತಿಗೆ, ವಿಶ್ವ ಆರೋಗ್ಯ ಸಂಸ್ಥೆ ಭಾರತದ ಲೆಕ್ಕ ಕೊಟ್ಟಿತು: 151 ಜಿಲ್ಲೆಗಳು, 12.5 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು. ಅವರಲ್ಲಿ 7,52,245 ಮಂದಿ ಕರ್ನಾಟಕದವರು. ಎರಡನೆಯ ಸ್ಥಾನದಲ್ಲಿದ್ದ ಮಹಾರಾಷ್ಟ್ರದ ಲೆಕ್ಕ 2,58,998. ಅಂದರೆ ಇಡೀ ದೇಶದಲ್ಲಿ ಆ ಜ್ವರ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ ಆಗಿದ್ದರು. ತುಮಕೂರು ಜಿಲ್ಲೆಯೂ ಅದರ ಹೊಡೆತ ತಿಂದ ಜಿಲ್ಲೆಗಳಲ್ಲಿ ಒಂದು.

ಹಳೆ ಮೈಸೂರು ಸೀಮೆಯ ಸಾಂಕ್ರಾಮಿಕಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ನನ್ನ ಊರು ತಿಪಟೂರು ತಾಲ್ಲೂಕಿನ ನೊಣವಿನಕೆರೆ. ಮರಳಿ ಬರುವ ರೋಗಗಳ ಬಗ್ಗೆ ವೈದ್ಯ ವಿದ್ಯಾರ್ಥಿಗಳಿಗೆ ಏನು ಗೊತ್ತಿದೆ ಎಂಬ ಪ್ರಶ್ನೆ ಕೋವಿಡ್ ನಂತರ ಮತ್ತೆ ಮತ್ತೆ ಕೇಳಿಬರುತ್ತಿದೆ. ಅದನ್ನು ಪರೀಕ್ಷೆಯ ಪ್ರಶ್ನೆಯಾಗಿ ನೋಡುವ ಬದಲು ಚರಿತ್ರೆಯ ಪ್ರಶ್ನೆಯಾಗಿ ನೋಡಬೇಕು ಎಂಬುದು ನನ್ನ ವಾದ. ಅದಕ್ಕೆ ನನ್ನೂರಿನ ತೆಂಗಿನ ಸೀಮೆಗಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಗೆಣ್ಣುಜ್ವರ

ಚಿಕೂನ್‌ಗುನ್ಯಾ ಎಂಬ ಹೆಸರು ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ. 1952-53ರಲ್ಲಿ ಇಂದಿನ ಟಾಂಜಾನಿಯಾದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಕೀಲುಗಳನ್ನು ಹಿಂಡುವ ಜ್ವರವೊಂದು ಹಬ್ಬಿತು. ಮೇರಿಯನ್ ರಾಬಿನ್ಸನ್ ಮತ್ತು ಡಬ್ಲ್ಯು.ಎಚ್.ಆರ್. ಲಮ್ಸ್‌ಡೆನ್ 1955ರಲ್ಲಿ ಅದರ ವಿವರ ಪ್ರಕಟಿಸಿದರು. ಅಲ್ಲಿನ ಜನ ತಮ್ಮ ಮಕೊಂಡೆ ಭಾಷೆಯಲ್ಲಿ ಕರೆದ ಹೆಸರನ್ನೇ ಉಳಿಸಿಕೊಂಡರು. ಮನುಷ್ಯನನ್ನು ಬಾಗಿಸುವಂಥದ್ದು ಎಂಬುದು ಅದರ ಅರ್ಥ. ನೋವಿಗೆ ಸೊಂಟ ಎತ್ತಲಾಗದೆ ಗೋಡೆ ಹಿಡಿದು ನಡೆಯುವವರನ್ನು ನೋಡಿ ಇಟ್ಟ ಹೆಸರು.

ಆದರೆ ಹೆಸರಿಗಿಂತ ರೋಗ ಹಳೆಯದು. ವೆಲ್ಲೂರಿನಲ್ಲಿ ಸೊಳ್ಳೆ ಮತ್ತು ವೈರಾಣುಗಳ ಮೇಲೆ ಕೆಲಸ ಮಾಡಿದ್ದ ಡೊನಾಲ್ಡ್ ಕೇರಿ ಎಂಬ ವಿಜ್ಞಾನಿ 1971ರಲ್ಲಿ ವೈದ್ಯಚರಿತ್ರೆಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. ಡೆಂಗೀ ಮತ್ತು ಚಿಕೂನ್‌ಗುನ್ಯಾಗಳ ನಡುವೆ ಗುರುತು ಅದಲುಬದಲಾಗಿದೆಯೇ ಎಂಬುದು ಅವರ ಪ್ರಶ್ನೆ. 1779ರಲ್ಲಿ ಬಟಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತಾದಲ್ಲಿ, ಡೇವಿಡ್ ಬೈಲನ್ ಎಂಬ ವೈದ್ಯ ಬರೆದಿಟ್ಟ ಜ್ವರವೊಂದಿದೆ. ಡಚ್ಚರು ಅದನ್ನು ಕರೆದ ಹೆಸರನ್ನು ಕನ್ನಡಕ್ಕೆ ತಂದರೆ ‘ಗೆಣ್ಣುಜ್ವರ’ ಎನ್ನಬಹುದು. ಪಠ್ಯಪುಸ್ತಕಗಳು ಅದನ್ನು ಡೆಂಗೀಯ ಮೊದಲ ದಾಖಲೆಗಳಲ್ಲಿ ಒಂದೆಂದು ಹೇಳುತ್ತಾ ಬಂದಿದ್ದವು. ಕೇರಿ ಹಳೆಯ ಬರಹಗಳನ್ನು ಮತ್ತೆ ಓದಿ, ಅದು ಚಿಕೂನ್‌ಗುನ್ಯಾ ಆಗಿದ್ದಿರಬೇಕು ಎಂದರು. 1824-25ರಲ್ಲಿ ಮತ್ತು 1871-72ರಲ್ಲಿ ಭಾರತದ ಬಂದರುಗಳಿಂದ ಒಳನಾಡಿಗೆ ಹಬ್ಬಿದ ಕೀಲುಜ್ವರಗಳೂ ಅದೇ ಇರಬೇಕು ಎಂದರು.

ಆ ಕಾಲದ ರಕ್ತದ ಮಾದರಿ ಯಾರ ಬಳಿಯೂ ಇಲ್ಲ. ಆದ್ದರಿಂದ ಕೇರಿಯವರ ವಾದ ಸಾಬೀತಾಗುವಂಥದ್ದಲ್ಲ. ಆದರೂ ಅದು ಒಂದು ಮಾತನ್ನು ಕಾಣಿಸುತ್ತದೆ. ಈ ಜ್ವರ ನಾಲ್ಕೈದು ದಶಕಕ್ಕೊಮ್ಮೆ ಬರುತ್ತದೆ, ಒಂದೆರಡು ವರ್ಷ ಊರೂರನ್ನೇ ಮಲಗಿಸುತ್ತದೆ, ಆಮೇಲೆ ಕಾಣೆಯಾಗುತ್ತದೆ. ಕಾಣೆಯಾದ ಕಾಲದಲ್ಲಿ ಅದನ್ನು ಕಂಡಿದ್ದ ವೈದ್ಯರು ನಿವೃತ್ತರಾಗುತ್ತಾರೆ. ಮತ್ತೆ ಬಂದಾಗ ಹೊಸ ತಲೆಮಾರಿನವರು ಅದಕ್ಕೆ ಬೇರೆ ಹೆಸರು ಕೊಡುತ್ತಾರೆ.

ನಮ್ಮ ಕಾಲದ ದಾಖಲೆಗೆ ಬಂದರೆ, ಪ್ರಯೋಗಾಲಯದಲ್ಲಿ ಖಚಿತವಾದ ಮೊದಲ ಹಾವಳಿ 1963ರ ಕಲ್ಕತ್ತೆಯದು. 1964ರಲ್ಲಿ ಮದರಾಸಿನಲ್ಲಿ ಲಕ್ಷಾಂತರ ಜನ ಮಲಗಿದರು. ವೆಲ್ಲೂರು, ಪಾಂಡಿಚೇರಿ, ವಿಶಾಖಪಟ್ಟಣ, ನಾಗಪುರಗಳಿಗೂ ಅದು ಹೋಯಿತು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣದಲ್ಲಿ ನೂರರಲ್ಲಿ 37 ಜನಕ್ಕೆ ತಗುಲಿತು. ಬಾರ್ಶಿ ನಮ್ಮ ವಿಜಯಪುರ, ಕಲಬುರಗಿಗಳಿಗೆ ದೂರದ ಊರೇನಲ್ಲ. ಅಲ್ಲಿಂದ ಮುಂದೆ ಮೂವತ್ತೆರಡು ವರ್ಷ ಸದ್ದಿಲ್ಲ.

ಕಾಣೆಯಾದದ್ದು ಎಲ್ಲಿಗೆ?

ಈ ಜ್ವರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ದೇಹದಲ್ಲಿ ಉಳಿಯುವ ರಕ್ಷಣೆ ಬಹಳ ಕಾಲ ಬಾಳುತ್ತದೆ. ಊರಿನ ಮೂರನೇ ಒಂದು ಪಾಲು ಜನಕ್ಕೋ ಅರ್ಧ ಜನಕ್ಕೋ ಬಂದು ಹೋದ ಮೇಲೆ ವೈರಾಣುವಿಗೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದಾರಿ ಕಡಿಮೆಯಾಗುತ್ತದೆ. ಆಮೇಲೆ ಹುಟ್ಟುವ ಮಕ್ಕಳಿಗೆ ಮಾತ್ರ ಆ ರಕ್ಷಣೆ ಇರುವುದಿಲ್ಲ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಊರಿನ ಹೆಚ್ಚು ಜನ ಹೊಸಬರಾಗಿರುತ್ತಾರೆ.

ಇದು ವಿಜ್ಞಾನಿಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಸುಳಿವುಗಳೂ ಇದ್ದವು. 2000ದಲ್ಲಿ ಪುಣೆ ಜಿಲ್ಲೆಯ ಯವತ್ ಎಂಬ ಹಳ್ಳಿಯಲ್ಲಿ ಹಿಡಿದ ಸೊಳ್ಳೆಗಳಲ್ಲಿ ಚಿಕೂನ್‌ಗುನ್ಯಾ ವೈರಾಣು ಸಿಕ್ಕಿತ್ತು. ಮುಂದೆ ಅದರ ವಂಶವಾಹಿ ಓದಿದಾಗ ಗೊತ್ತಾದದ್ದು ಇದು: ಅದು 1963ರಿಂದ 1973ರವರೆಗೆ ಇಲ್ಲಿ ಓಡಾಡಿದ ಏಷ್ಯಾದ ತಳಿಯಲ್ಲ, ಆಫ್ರಿಕಾದ ತಳಿ. ಅಂದರೆ ದೊಡ್ಡ ಹಾವಳಿಗೆ ಐದು ವರ್ಷ ಮೊದಲೇ ಅದು ಒಳಗೆ ಬಂದಿತ್ತು. 2004ರಲ್ಲಿ ಕೀನ್ಯಾದ ಕರಾವಳಿ, 2005ರಲ್ಲಿ ಕೊಮೊರೊಸ್ ದ್ವೀಪಗಳು, 2005-06ರಲ್ಲಿ ರಿಯೂನಿಯನ್ ದ್ವೀಪ ಹೀಗೆ ಹಿಂದೂ ಮಹಾಸಾಗರದ ಉದ್ದಕ್ಕೂ ಜ್ವರ ಹಬ್ಬಿತು. ರಿಯೂನಿಯನ್ನಿನಲ್ಲಿ ಮೂರು ಜನರಲ್ಲಿ ಒಬ್ಬರಿಗೆ ಬಂತು. 2005ರ ಕೊನೆಯಲ್ಲಿ ಆಂಧ್ರದಲ್ಲಿ ಕಾಣಿಸಿ, 2006ರಲ್ಲಿ ಕರ್ನಾಟಕವನ್ನು ಹೊಕ್ಕಿತು. ಆ ವರ್ಷ ಭಾರತದಲ್ಲಿ ಹಬ್ಬಿದ್ದೂ ಆಫ್ರಿಕಾದ ತಳಿಯೇ ಎಂದು ಪುಣೆಯ ಸಂಸ್ಥೆ ಅದೇ ವರ್ಷ ಗುರುತಿಸಿತು.

ಪ್ರಯೋಗಾಲಯ ತನ್ನ ಕೆಲಸ ಮಾಡಿತ್ತು. ಆದರೆ ಪ್ರಯೋಗಾಲಯಕ್ಕೆ ಗೊತ್ತಿದ್ದದ್ದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತ ವೈದ್ಯರ ತಲೆಯೊಳಗೆ ಇರಲಿಲ್ಲ. ಆ ವೈದ್ಯರಿಗೆ ಮೂವತ್ತೈದೋ ನಲವತ್ತೋ ವಯಸ್ಸು ಎಂದಿಟ್ಟುಕೊಳ್ಳಿ. ಅವರು ಓದಿದ್ದು 1990ರ ಆಸುಪಾಸಿನಲ್ಲಿ. ಅವರ ವೃತ್ತಿಯ ಒಂದು ದಿನವೂ ಈ ರೋಗ ಎದುರು ಬಂದಿರಲಿಲ್ಲ. ಅವರಿಗೆ ಪಾಠ ಹೇಳಿದವರಲ್ಲೂ ಬಹಳ ಮಂದಿ ಅದನ್ನು ಕಣ್ಣಾರೆ ಕಂಡವರಲ್ಲ.

ತೆಂಗಿನ ಸೀಮೆಯ ಅಂಗಳ

ನೊಣವಿನಕೆರೆಗೆ ದೊಡ್ಡ ಕೆರೆಯಿದೆ. ಬೇಟೆರಾಯಸ್ವಾಮಿ ಗುಡಿಯಿದೆ. ಕಾಡಸಿದ್ದೇಶ್ವರ ಮಠವಿದೆ. ಹೊಯ್ಸಳರ ಕಾಲದ ಗುಡಿಗಳಿವೆ. ಹೆಸರು ಕೇಳಿದವರು ನೊಣವನ್ನು ನೆನೆದು ನಗುವುದುಂಟು, ಆದರೆ ಊರಿನ ಹೆಸರಿಗೂ ನೊಣಬರಿಗೂ ನಂಟು ಹೇಳುತ್ತಾರೆ. ಸುತ್ತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ತೆಂಗು. ಇಲ್ಲಿನ ಕಾಯಿ ಎಳನೀರಿಗೋ ಎಣ್ಣೆಗೋ ಹೋಗುವುದಕ್ಕಿಂತ ಹೆಚ್ಚಾಗಿ ಕೊಬ್ಬರಿಯಾಗುತ್ತದೆ. ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಡಗಡ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ.

ಈ ಕಸುಬಿನಿಂದ ಅಂಗಳದಲ್ಲಿ ಉಳಿಯುವುದು ಎರಡು ರಾಶಿ: ಒಂದು ಮಟ್ಟೆಯದು, ಇನ್ನೊಂದು ಕರಟದ್ದು. ಮಟ್ಟೆ ನಾರಿನ ಕಾರ್ಖಾನೆಗೋ ಬಚ್ಚಲ ಒಲೆಗೋ ಹೋಗುತ್ತದೆ. ಕರಟವನ್ನು ಇದ್ದಿಲಿಗೆ ಕೊಳ್ಳುವವರು ಬರುತ್ತಾರೆ. ಅವರು ಬರುವವರೆಗೆ ಅದು ಅಂಗಳದಲ್ಲೋ ತೋಟದ ಬದುವಿನಲ್ಲೋ ಬಿದ್ದಿರುತ್ತದೆ. ಅರ್ಧ ಒಡೆದ ಒಂದು ಕರಟ ಬಾಯಿ ಮೇಲಾಗಿ ಬಿದ್ದಿದ್ದರೆ ಒಂದು ಹದ ಮಳೆಗೆ ತುಂಬುತ್ತದೆ.

ಚಿಕೂನ್‌ಗುನ್ಯಾ ಮತ್ತು ಡೆಂಗೀ ಎರಡನ್ನೂ ಹೊರುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಬೇಕಾದದ್ದು ಅಷ್ಟೇ. ಅದು ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ. ಚರಂಡಿಯ ಕೊಳಕು ನೀರೂ ಅದಕ್ಕೆ ಒಗ್ಗುವುದಿಲ್ಲ. ಮನೆಯ ಒಳಗೆ ಹೊರಗೆ ನಿಂತ ತಿಳಿನೀರು ಬೇಕು. ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ. ನೀರು ಆರಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತವೆ. ಮತ್ತೆ ನೀರು ತಾಗಿದರೆ ಒಡೆದು, ಎಂಟು ಹತ್ತು ದಿನದಲ್ಲಿ ಹಾರುವ ಸೊಳ್ಳೆಗಳಾಗುತ್ತವೆ. ಕಚ್ಚುವುದು ಹಗಲು ಹೊತ್ತು.

ಕರಟವೊಂದೇ ಅಪರಾಧಿಯಲ್ಲ. ತುಮಕೂರು ಮಳೆ ನಂಬಲಾಗದ ಜಿಲ್ಲೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಕಡೆ ಮನೆ ಮನೆಯಲ್ಲೂ ಸಿಮೆಂಟಿನ ತೊಟ್ಟಿ, ಡ್ರಮ್ಮು, ಹಂಡೆ, ದನಕ್ಕೆ ಕುಡಿಸುವ ಬಾನಿ. ಹಿತ್ತಲಲ್ಲಿ ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ ಒರಳುಕಲ್ಲು. ಹೀಗಾಗಿ ಬರಗಾಲದಲ್ಲಿ ಸೊಳ್ಳೆಯನ್ನು ತೊಟ್ಟಿ ಸಾಕಿತು, ಮಳೆಗಾಲದಲ್ಲಿ ಕರಟ ಸಾಕಿತು. ಸೊಳ್ಳೆ ಎಂದರೆ ಕೆರೆ, ಚರಂಡಿ, ಮಲೇರಿಯಾ ಎಂದು ಕಲಿತಿದ್ದ ಊರಿಗೆ, ಈ ಸೊಳ್ಳೆ ತನ್ನ ಅಡುಗೆಮನೆಯ ಪಕ್ಕದಲ್ಲೇ ಹುಟ್ಟುತ್ತದೆ ಎಂದು ಹೇಳಿದವರು ಯಾರೂ ಇರಲಿಲ್ಲ.

ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ನನಗೆ ನೆನಪಿರುವುದು ಜ್ವರಕ್ಕಿಂತ ಹೆಚ್ಚಾಗಿ ಜನರ ನಡಿಗೆ. ಬೆಳಿಗ್ಗೆ ಎದ್ದ ಅಜ್ಜಿ ಗೋಡೆಗೆ ಕೈಕೊಟ್ಟು, “ಮೈಯೆಲ್ಲಾ ಹಿಡ್ಕಂಡೈತೆ ಕಣಪ್ಪ, ಕಾಲು ಊರಕ್ಕೇ ಆಗಕಿಲ್ಲ” ಎನ್ನುತ್ತಿದ್ದಳು. ಜ್ವರ ನಾಲ್ಕು ದಿನಕ್ಕೆ ಇಳಿಯಿತು, ಮಣಿಕಟ್ಟು ಮತ್ತು ಹಿಮ್ಮಡಿಯ ನೋವು ತಿಂಗಳುಗಟ್ಟಲೆ ಉಳಿಯಿತು. ತೆಂಗಿನ ಸೀಮೆಯಲ್ಲಿ ಕೈ ಗೆಣ್ಣು ಹಿಡಿದರೆ ಅದು ಬರೀ ನೋವಲ್ಲ. ಮರ ಹತ್ತುವವರು ಹತ್ತಲಾಗಲಿಲ್ಲ, ಕಾಯಿ ಸುಲಿಯುವವರು ಮಟ್ಟೆಯನ್ನು ತಿರುವಲಾಗಲಿಲ್ಲ. ಸಾವಿರ ಕಾಯಿಗೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ಸುಲಿಯದ ದಿನ ಕೂಲಿಯೂ ಇಲ್ಲ. ಈ ರೋಗದಿಂದ ಸಾವಿಲ್ಲ ಎಂಬುದು ಆಗ ಸರ್ಕಾರದ ಕಡೆಯಿಂದ ಬಂದ ಸಮಾಧಾನದ ಮಾತು. ಅದೂ ಪೂರ್ತಿ ನಿಜವಾಗಿರಲಿಲ್ಲ. ಅಹಮದಾಬಾದಿನ ಮರಣ ನೋಂದಣಿಗಳನ್ನು ಅಧ್ಯಯನ ಮಾಡಿದವರು, 2006ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಆ ನಗರದಲ್ಲಿ ನಿರೀಕ್ಷೆಗಿಂತ 2,944 ಸಾವುಗಳು ಹೆಚ್ಚಾಗಿದ್ದವು ಎಂದು ಆಮೇಲೆ ತೋರಿಸಿದರು.

ಹೆಸರು ಕೂಡ ಜನರನ್ನು ದಾರಿ ತಪ್ಪಿಸಿತು. ಚಿಕೂನ್‌ಗುನ್ಯಾ ಜನರ ಬಾಯಲ್ಲಿ ‘ಚಿಕನ್ ಗುನ್ಯಾ’ ಆಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಜ್ವರ ಕಾಣಿಸಿಕೊಂಡ ಸುದ್ದಿ ಎಲ್ಲರ ಕಿವಿಯಲ್ಲಿತ್ತು. ಎರಡೂ ಕೂಡಿಕೊಂಡು, ಕೋಳಿ ತಿಂದವರಿಗೆ ಕೀಲು ಹಿಡಿಯುತ್ತದೆ ಎಂಬ ನಂಬಿಕೆ ಹಬ್ಬಿತು. ಜನ ಕೋಳಿ ಬಿಟ್ಟರು. ತೊಟ್ಟಿಗೆ ಮುಚ್ಚಳ ಹಾಕಲಿಲ್ಲ. ಇದನ್ನು ಹಳ್ಳಿಗರ ಅಜ್ಞಾನ ಎಂದು ನಗುವುದು ಸುಲಭ. ಆದರೆ ಮಕೊಂಡೆ ಭಾಷೆಯ ಒಂದು ಪದವನ್ನು ಅರ್ಥ ಹೇಳದೆ ಜನರ ಕೈಗೆ ಕೊಟ್ಟರೆ, ಅವರು ತಮಗೆ ಗೊತ್ತಿದ್ದ ಪದಕ್ಕೆ ಅದನ್ನು ಹೊಂದಿಸಿಕೊಳ್ಳದೆ ಇನ್ನೇನು ಮಾಡಿಯಾರು?

ಇಲಿ ಬಿದ್ದರೆ ಊರು ಬಿಡು

ಇದೇ ಜನ ಇನ್ನೊಂದು ರೋಗದ ವಿಷಯದಲ್ಲಿ ಹೀಗಿರಲಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಅಲ್ಲಿಂದ ಮೈಸೂರು ಸಂಸ್ಥಾನದ ಊರುಗಳಿಗೆ ಹಬ್ಬಿ ದಶಕಗಳ ಕಾಲ ಬಂದು ಹೋಗುತ್ತಿತ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದ ಹಿಂದೆ ಆ ಭಯವಿದೆ. 1900ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆ ತಲೆಯೆತ್ತಿದ್ದೂ ಆ ವರ್ಷಗಳಲ್ಲೇ.

ಹಳ್ಳಿಗಳಲ್ಲಿ ಪ್ಲೇಗು ಒಂದು ನಿಯಮವನ್ನು ಬಿಟ್ಟು ಹೋಯಿತು: ಇಲಿ ಬಿದ್ದರೆ ಊರು ಬಿಡು. ಅಟ್ಟದಿಂದ ಇಲಿಗಳು ಸತ್ತು ಬೀಳಲು ಶುರುವಾದರೆ ಜನ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಹೊಲ ತೋಪುಗಳಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯನಿಗೆ ಪ್ಲೇಗು ದಾಟಿಸುತ್ತದೆ ಎಂದು ಪಾಲ್ ಲೂಯಿ ಸಿಮೊಂದ್ 1898ರಲ್ಲಿ ಹೇಳಿದಾಗ ವಿಜ್ಞಾನಿಗಳೇ ಸುಲಭವಾಗಿ ಒಪ್ಪಿರಲಿಲ್ಲ. ಒಪ್ಪುವ ಹೊತ್ತಿಗೆ ಇನ್ನೂ ಎಂಟು ಹತ್ತು ವರ್ಷ ಹಿಡಿಯಿತು. ಚಿಗಟದ ವಿಷಯ ಗೊತ್ತಿಲ್ಲದೆಯೂ ಹಳ್ಳಿಯವರ ನಿಯಮ ಸರಿಯಾಗಿತ್ತು. ಸರ್ಕಾರದ ಒತ್ತಾಯ, ಮಾರಮ್ಮನ ಭಯ, ಕಣ್ಣಾರೆ ಕಂಡ ಸಾವು ಇವೆಲ್ಲ ಕೂಡಿ ಒಂದು ಸಾಲಿನ ಜ್ಞಾನವಾಗಿದ್ದವು. ಅದಕ್ಕೆ ಓದು ಬರಹ ಬೇಕಿರಲಿಲ್ಲ. ಪ್ಲೇಗು ಕಂಡಿರದ ಮೊಮ್ಮಕ್ಕಳಿಗೂ ಅದು ದಾಟಿ ಬಂತು.

ವೈದ್ಯರ ಲೋಕದಲ್ಲಿ ಇದಕ್ಕೆ ತಿರುಗುಮುರುಗಾದದ್ದು ನಡೆಯಿತು. ಭಾರತದಲ್ಲಿ ಪ್ಲೇಗು ಕಾಣೆಯಾಗುವ ಮುನ್ನ ಕೊನೆಯದಾಗಿ ದಾಖಲಾದದ್ದು 1966ರಲ್ಲಿ, ನಮ್ಮದೇ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಇಪ್ಪತ್ತೆಂಟು ವರ್ಷದ ಮೇಲೆ, 1994ರ ಸೆಪ್ಟೆಂಬರಿನಲ್ಲಿ, ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಲಕ್ಷಾಂತರ ಜನರೊಂದಿಗೆ ಹಲವು ಖಾಸಗಿ ವೈದ್ಯರೂ ಊರು ಬಿಟ್ಟರು. ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ನಂಥ ಹಳೆಯ, ಅಗ್ಗದ ಔಷಧಗಳೇ ಸಾಕು ಎಂಬುದು ಎಲ್ಲ ಪಠ್ಯಪುಸ್ತಕದಲ್ಲೂ ಇತ್ತು. ಓದಿದ್ದರು, ಆದರೆ ಅದು ತಮ್ಮ ಮುಂದೆ ಬಂದು ನಿಲ್ಲಬಹುದೆಂದು ಎಂದೂ ಎಣಿಸಿರಲಿಲ್ಲ. ಊರಿನ ನೆನಪು ನಿಯಮವಾಗಿ ಉಳಿದಿತ್ತು, ವೈದ್ಯರ ನೆನಪು ಪುಟವಾಗಿ ಉಳಿದಿತ್ತು. ಇವೆರಡರ ನಡುವಿನ ಅಂತರವೇ ನನ್ನ ಸಂಶೋಧನೆಯ ಕೇಂದ್ರ.

ಚಿಕೂನ್‌ಗುನ್ಯಾ ನಮ್ಮ ಊರಿನಲ್ಲಿ ಇಂಥ ಯಾವ ನಿಯಮವನ್ನೂ ಬಿಟ್ಟು ಹೋಗಲಿಲ್ಲ. ಅದೇ ಕಾಲದ ಆಸುಪಾಸಿನಲ್ಲಿ ತೆಂಗಿಗೆ ಬಂದ ನುಸಿ ಪೀಡೆಯನ್ನು ರೈತರು ಇಂದಿಗೂ ವಿವರವಾಗಿ ಹೇಳುತ್ತಾರೆ: ಕಾಯಿ ಹೇಗೆ ಸಣ್ಣದಾಯಿತು, ಯಾವ ಔಷಧಿಯನ್ನು ಬೇರಿಗೆ ಕಟ್ಟಿದರು, ಎಷ್ಟು ನಷ್ಟವಾಯಿತು. ಮನುಷ್ಯರಿಗೆ ಬಂದದ್ದನ್ನು ಕೇಳಿದರೆ, “ಅದಾ, ಚಿಕನ್ ಗುನ್ಯಾ ವರ್ಷ” ಎಂದು ಸುಮ್ಮನಾಗುತ್ತಾರೆ.

ಎರಡು ಅಂಕದ ಪ್ರಶ್ನೆ

ಕಳೆದ ಒಂದೆರಡು ವರ್ಷದಲ್ಲಿ ವೈದ್ಯಕೀಯ ಓದುತ್ತಿರುವ ಮತ್ತು ಹೌಸ್ ಸರ್ಜನ್ಸಿ ಮಾಡುತ್ತಿರುವ ಗೆಳೆಯರೊಂದಿಗೆ ಈ ಬಗ್ಗೆ ಬಹಳ ಮಾತಾಡಿದ್ದೇನೆ. ಅದು ಸಮೀಕ್ಷೆಯಲ್ಲ, ಹಾಸ್ಟೆಲ್ಲಿನ ಮುಂದಿನ ಚಹಾದ ಅಂಗಡಿಯ ಮಾತುಕತೆ. ಅವರಿಗೆ ಗೊತ್ತಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ವೈರಾಣುವಿನ ಕುಲ, ಸೊಳ್ಳೆಯ ಹೆಸರು, ಎಷ್ಟನೇ ದಿನ ಯಾವ ಪರೀಕ್ಷೆ ಮಾಡಬೇಕು ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಸಮುದಾಯ ವೈದ್ಯಶಾಸ್ತ್ರಕ್ಕೆ ಎಲ್ಲರೂ ಓದುವ ಕೆ. ಪಾರ್ಕ್ ಅವರ ದಪ್ಪ ಪುಸ್ತಕದಲ್ಲಿ ಅದಕ್ಕೊಂದು ಜಾಗವಿದೆ. ಒಬ್ಬ ಗೆಳತಿ ಹೇಳಿದ್ದು: “ನಮಗದು ಎರಡು ಅಂಕದ ಪ್ರಶ್ನೆ. ನೀಟ್ ಪಿಜಿಯಲ್ಲಿ ಬಂದರೆ ಒಂದು ಗುರುತು ಹಾಕುವುದು ಅಷ್ಟೆ.”

2006ರಲ್ಲಿ ದೇಶದ ಅತಿ ಹೆಚ್ಚು ರೋಗಿಗಳು ಯಾವ ರಾಜ್ಯದವರು ಎಂದು ಕೇಳಿದೆ. ಕೇರಳ, ಗುಜರಾತ್ ಎಂಬ ಉತ್ತರಗಳು ಬಂದವು. ತಾವು ಕೂತಿರುವ ರಾಜ್ಯವೇ ಎಂದಾಗ ಅವರಿಗೆ ಆಶ್ಚರ್ಯ. ತಪ್ಪು ಅವರದಲ್ಲ. ಅವರು ಓದುವ ಪುಟದಲ್ಲಿ ಊರಿಲ್ಲ, ಅಂಗಳವಿಲ್ಲ, ಕಸುಬಿಲ್ಲ. ರೋಗದ ಲಕ್ಷಣಗಳಿವೆ, ರೋಗಕ್ಕೆ ವಿಳಾಸವಿಲ್ಲ.

ವಿಳಾಸ ಗೊತ್ತಿರುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಒಂದು ಉದಾಹರಣೆ ಸಾಕು. ಕೀಲುನೋವಿನ ಜ್ವರ ಎಂದಾಕ್ಷಣ ಡೈಕ್ಲೊಫೆನಾಕ್‌ನಂಥ ನೋವಿನ ಚುಚ್ಚುಮದ್ದು ಕೊಡುವ ರೂಢಿ ನಮ್ಮ ಕಡೆ ಇದೆ. ರೋಗಿಯೇ ಕೇಳಿ ಹಾಕಿಸಿಕೊಳ್ಳುತ್ತಾನೆ. ಬಂದಿರುವುದು ಡೆಂಗೀಯಾಗಿದ್ದರೆ ಅದೇ ಔಷಧ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಎರಡೂ ಜ್ವರಗಳನ್ನು ತರುವುದು ಒಂದೇ ಸೊಳ್ಳೆ, ಬರುವುದು ಒಂದೇ ಕಾಲದಲ್ಲಿ, ಮೊದಲ ಎರಡು ಮೂರು ದಿನ ಕಾಣುವುದೂ ಹೆಚ್ಚುಕಡಿಮೆ ಒಂದೇ ಥರ. ಡೆಂಗೀ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಕು ಎಂಬುದು ಇಂದಿನ ಮಾರ್ಗಸೂಚಿ. 1779ರ ಗೆಣ್ಣುಜ್ವರದ ಸುತ್ತ ಕೇರಿ ಗುರುತಿಸಿದ ಗೊಂದಲ ಪುಸ್ತಕದ ವಾದವಾಗಿ ಉಳಿದಿಲ್ಲ. ಅದು ಸಂತೆಯ ದಿನ ಐವತ್ತು ಜನ ಸಾಲು ನಿಂತ ಹಳ್ಳಿ ಕ್ಲಿನಿಕ್ಕಿನಲ್ಲಿ, ಒಂದು ಸಿರಿಂಜಿನ ಮುಂದೆ, ಪ್ರತಿ ಮಳೆಗಾಲ ಎದುರಾಗುತ್ತದೆ. ಅಲ್ಲಿ ಕೂತ ಹೊಸ ವೈದ್ಯನಿಗೆ ಈ ಎರಡರ ಚರಿತ್ರೆ ಗೊತ್ತಿದ್ದರೆ ಕೈ ಒಂದು ಕ್ಷಣ ತಡೆಯುತ್ತದೆ.

ಇನ್ನೊಂದು ಕಾರಣವೂ ಇದೆ. ರೋಗಗಳು ತಮ್ಮ ಹಳೆಯ ವಿಳಾಸದಲ್ಲೇ ಇರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ದಶಕಗಳ ಕಾಲ ಶಿವಮೊಗ್ಗ ಸೀಮೆಯ ರೋಗವೆಂದೇ ಎಣಿಸಿದ್ದರು. 2012ರ ಕೊನೆಯಲ್ಲಿ ಅದು ಬಂಡೀಪುರದಲ್ಲಿ ಕಾಣಿಸಿತು, ಆಮೇಲೆ ವಯನಾಡು, ಗೋವಾಗಳಲ್ಲೂ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಸಿಕ್ಕಿತು. ಅದನ್ನು ಹೊರುವುದೂ ಈಡಿಸ್ ಸೊಳ್ಳೆಯೇ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿತು. ಯವತ್‌ನ ಸೊಳ್ಳೆಗಳ ಕಥೆ ಗೊತ್ತಿರುವವರಿಗೆ ಚಿಕ್ಕಬಳ್ಳಾಪುರದ ಸುದ್ದಿ ಬೇರೆ ರೀತಿಯಲ್ಲಿ ಕೇಳಿಸುತ್ತದೆ.

ಓದಿನ ಕ್ರಮದಲ್ಲಿ ಬದಲಾವಣೆ ಆಗಿಲ್ಲವೆಂದಲ್ಲ. 2020ರಲ್ಲಿ ಎಂಬಿಬಿಎಸ್ ಪಠ್ಯಕ್ಕೆ ಸಾಂಕ್ರಾಮಿಕ ನಿರ್ವಹಣೆಯ ಪಾಠಗಳು ಸೇರಿದವು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ‘ಕುಟುಂಬ ದತ್ತು’ ಕಾರ್ಯಕ್ರಮ ತಂದಿತು. ಅದರಂತೆ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದ ಕೆಲವು ಹಳ್ಳಿ ಕುಟುಂಬಗಳನ್ನು ವಹಿಸಿಕೊಂಡು ಮತ್ತೆ ಮತ್ತೆ ಅವರ ಮನೆಗೆ ಹೋಗಬೇಕು. ಬಿಪಿ, ಸಕ್ಕರೆ, ಮಕ್ಕಳ ತೂಕ ಬರೆದುಕೊಂಡು ಬರುವ ಕೆಲಸವಾಗಿ ಅದು ಮುಗಿಯುವುದುಂಟು. ಅದೇ ಭೇಟಿಯಲ್ಲಿ ಇನ್ನೂ ಒಂದೆರಡು ಪ್ರಶ್ನೆ ಕೇಳಬಹುದು. ಈ ಮನೆಯಲ್ಲಿ ಹಿಂದೆ ಯಾವ ಯಾವ ಜ್ವರ ಬಂದಿತ್ತು? ಆಗ ಎಲ್ಲಿಗೆ ಹೋದಿರಿ, ಯಾರು ಏನು ಕೊಟ್ಟರು, ಎಷ್ಟು ದಿನ ಕೂಲಿ ಹೋಯಿತು? ನೀರು ಎಲ್ಲಿ ತುಂಬಿಡುತ್ತೀರಿ? ಉತ್ತರಗಳನ್ನು ಕಾಲೇಜು ವರ್ಷದಿಂದ ವರ್ಷಕ್ಕೆ ಜೋಡಿಸಿ ಇಟ್ಟರೆ ಹತ್ತು ವರ್ಷದಲ್ಲಿ ಆ ತಾಲ್ಲೂಕಿನ ರೋಗಚರಿತ್ರೆ ತಾನಾಗಿ ಸಿದ್ಧವಾಗುತ್ತದೆ.

ಇದನ್ನು ಒತ್ತಿ ಹೇಳಲು ನನ್ನದೇ ಆದ ಕಾರಣವಿದೆ. ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ 1898ರ ಪ್ಲೇಗಿನ ಬಗ್ಗೆ ಬರೆಯುವುದಕ್ಕಿಂತ 2006ರ ಚಿಕೂನ್‌ಗುನ್ಯಾದ ಬಗ್ಗೆ ಬರೆಯುವುದು ಕಷ್ಟ. ಸಂಸ್ಥಾನದ ಕಾಲದವರು ಆದೇಶ, ವರದಿ, ತಗಾದೆ ಎಲ್ಲವನ್ನೂ ಕಡತದಲ್ಲಿ ಕಟ್ಟಿಟ್ಟರು. ನಮ್ಮ ಕಾಲದ ಹೊರರೋಗಿ ಪುಸ್ತಕಗಳು ಅವಧಿ ಮುಗಿದ ಮೇಲೆ ರದ್ದಿಗೆ ಹೋಗುತ್ತವೆ. ಉಳಿದಿರುವುದು ಜನರ ನೆನಪು. 2006ರಲ್ಲಿ ಅರವತ್ತು ದಾಟಿದ್ದವರು ಈಗ ಎಂಬತ್ತರ ಆಚೆ ಈಚೆ ಇದ್ದಾರೆ. ಅವರನ್ನು ಕೇಳಲು ಉಳಿದಿರುವ ಕಾಲ ಬಹಳವೇನಿಲ್ಲ.

2006ರ ನಂತರ ಈ ಜ್ವರ ಹಿಂದಿನಂತೆ ಪೂರ್ತಿ ಕಾಣೆಯಾಗಿಲ್ಲ. ಅಲ್ಲಲ್ಲಿ, ಆಗಾಗ ಏಳುತ್ತಲೇ ಇದೆ. ಆದರೆ ಇಡೀ ಊರನ್ನು ಮಲಗಿಸಿದ ಆ ಹಾವಳಿಯನ್ನು ಕಾಣದವರ ಸಂಖ್ಯೆ ವರ್ಷ ವರ್ಷ ಹೆಚ್ಚುತ್ತಿದೆ. ಈಗ ಎಂಬಿಬಿಎಸ್ ಮೊದಲ ವರ್ಷಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹುಟ್ಟಿದ್ದು ಆ ಹೊತ್ತಿನಲ್ಲಿ ಅಥವಾ ಅದರ ನಂತರ. ಅವರ ರಕ್ತದಲ್ಲೂ ಅದರ ನೆನಪಿಲ್ಲ, ಅವರ ಪುಸ್ತಕದಲ್ಲೂ ಅವರ ಊರಿನ ನೆನಪಿಲ್ಲ. ಮೂವತ್ತೆರಡು ವರ್ಷದ ಹಳೆಯ ಲೆಕ್ಕವನ್ನೇ ಹಿಡಿದರೆ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಿದೆ.

ಪ್ಲೇಗು ಕಲಿಸಿದ ಸಾಲಿನಷ್ಟೇ ಸರಳವಾದ ಒಂದು ಸಾಲು ತೆಂಗಿನ ಸೀಮೆಗೂ ಬೇಕಿತ್ತು: ಮಳೆ ಬೀಳುವ ಮುಂಚೆ ಕರಟ ಕವುಚಿಡು, ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಉಜ್ಜು. ಇದನ್ನು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಹೇಳುತ್ತಲೇ ಇದ್ದಾರೆ. ಜೊತೆಗೆ ಬಿಳಿ ಕೋಟಿನ ಒಬ್ಬ ವಿದ್ಯಾರ್ಥಿ ಅದೇ ಅಂಗಳದಲ್ಲಿ ನಿಂತು, ಆ ವರ್ಷ ಈ ಮನೆಯಲ್ಲಿ ಯಾರು ಯಾರು ಮಲಗಿದ್ದರು ಎಂದು ಕೇಳಿ ಬರೆದುಕೊಂಡರೆ, ಹೇಳಿದ ಮಾತು ಊರಿನಲ್ಲೂ ಉಳಿಯುತ್ತದೆ, ಕೇಳಿದವನಲ್ಲೂ ಉಳಿಯುತ್ತದೆ.